ಬಾದಾಮಿಯ ಮೈ, ನಿಂಬೆಯ ಘಮ

ಪ್ಯಾರಿಸ್ಸಿನ ಸಿಹಿ ಅಂಗಡಿಗಳ ಗಾಜಿನ ಕಪಾಟಿನ ಎದುರು ನಿಂತವರ ಕಣ್ಣು ಮೊದಲು ಹೋಗುವುದು ಹಣ್ಣು ಹೊದ್ದ ಟಾರ್ಟುಗಳ ಮೇಲೆ, ಬಣ್ಣಬಣ್ಣದ ಮ್ಯಾಕರೋನುಗಳ ಮೇಲೆ. ಫಿನಾನ್ಸಿಯೇ ಎಂಬ ಬಾದಾಮಿ ಕೇಕು ಅವುಗಳ ಪಕ್ಕದಲ್ಲೇ ಕೆನೆಯಿಲ್ಲದೆ, ಚೆರ್ರಿಯಿಲ್ಲದೆ, ಬರೀ ಕಂದುಬಣ್ಣದಲ್ಲಿ ಕೂತಿರುತ್ತದೆ. ಒಂದು ಬೆರಳಿನಷ್ಟು ಉದ್ದ, ಎರಡು ಬೆರಳಿನಷ್ಟು ಅಗಲ. ಮೂರು ತುತ್ತಿಗೆ ಮುಗಿಯುತ್ತದೆ. ಅದರ ಹಿಟ್ಟಿಗೆ ಹಸಿ ನಿಂಬೆಯ ಸಿಪ್ಪೆ ತುರಿದು ಸೇರಿಸಿದರೆ ಸಿಗುವ ತಿನಿಸಿಗೆ ಸಮನಾದದ್ದು ಕೇಕುಗಳ ಲೋಕದಲ್ಲಿ ಬಹಳ ಕಡಿಮೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದು ಇಷ್ಟು ಸಣ್ಣದಾಗಿರುವುದು ಚೆಂದಕ್ಕೆಂದು ತಿಳಿಯಬಾರದು. ಇದರ ರುಚಿಯ ಅರ್ಧ ಪಾಲು ಇರುವುದೇ ಅಳತೆಯಲ್ಲಿ. ಇದೇ ಹಿಟ್ಟನ್ನು ದೊಡ್ಡ ತಟ್ಟೆಯಲ್ಲಿ ಸುರಿದು ಬೇಯಿಸಿದರೆ ನಡುಭಾಗ ಜಿಡ್ಡಾಗಿ, ಭಾರವಾಗಿ, ಎರಡನೇ ತುಂಡಿಗೇ ಸಾಕೆನಿಸುತ್ತದೆ. ಬೆಣ್ಣೆಯೂ ಬಾದಾಮಿಯ ಎಣ್ಣೆಯೂ ತುಂಬಿದ ಹಿಟ್ಟಿಗೆ ಅಚ್ಚಿನ ಕಾದ ಲೋಹ ಆದಷ್ಟು ಹತ್ತಿರವಿರಬೇಕು. ಸಣ್ಣ ಅಚ್ಚಿನಲ್ಲಿ ಬೆಂದಾಗ ಪ್ರತಿ ತುತ್ತಿನಲ್ಲೂ ಒಂದು ಗರಿ ಅಂಚು ಸಿಗುತ್ತದೆ. ಹಲ್ಲಿಗೆ ಮೊದಲು ಆ ಅಂಚು ಸಣ್ಣ ಸದ್ದು ಮಾಡಿ ಮುರಿಯುತ್ತದೆ, ಅದರ ಹಿಂದೆ ಮೆತ್ತಗಿನ, ತುಸು ಅಂಟಂಟಾದ, ತೇವದ ಒಳಮೈ ಬರುತ್ತದೆ. ಈ ಎರಡರ ನಡುವಿನ ಅಂತರ ಒಂದು ಕಾಗದದಷ್ಟು ತೆಳು. ಅಂಚು ಹೆಚ್ಚು, ತಿರುಳು ಕಡಿಮೆ ಎಂಬ ಲೆಕ್ಕ ತಪ್ಪಿದರೆ ಕೇಕು ಕೆಟ್ಟಂತೆಯೇ.

ಇದರ ಬೇರು ಲೊರೇನ್ ಪ್ರಾಂತ್ಯದ ಕ್ರೈಸ್ತ ಸನ್ಯಾಸಿನಿಯರ ಮಠಗಳಲ್ಲಿದೆ ಎಂದು ಫ್ರೆಂಚರು ಹೇಳುತ್ತಾರೆ. 1610ರಲ್ಲಿ ಆನಸಿ ಊರಿನಲ್ಲಿ ಫ್ರಾನ್ಸಿಸ್ ದ ಸಾಲ್ ಮತ್ತು ಜೇನ್ ದ ಶಾಂತಾಲ್ ಸೇರಿ ಸ್ಥಾಪಿಸಿದ ವಿಸಿಟೇಶನ್ ಪಂಥದ ಮಠಗಳು ಮುಂದೆ ದೇಶದ ಉದ್ದಗಲಕ್ಕೂ ಹಬ್ಬಿದವು. ಆ ಸನ್ಯಾಸಿನಿಯರು ಮಿಕ್ಕಿದ ಮೊಟ್ಟೆಯ ಬಿಳಿಗೆ ಬಾದಾಮಿ ಪುಡಿ ಬೆರೆಸಿ ಮಾಡುತ್ತಿದ್ದ ಸಣ್ಣ ದುಂಡು ಕೇಕಿಗೆ ವಿಸಿಟಾಂಡೀನ್ ಎಂಬ ಹೆಸರು ಬಂತು. ಹಳದಿ ಬೇರೆ ಕೆಲಸಕ್ಕೆ ಹೋದ ಮೇಲೆ ಉಳಿಯುವ ಬಿಳಿಯನ್ನು ಚೆಲ್ಲದೆ ಉಳಿಸಿಕೊಂಡವರ ಕೈಯ ತಿನಿಸು ಅದು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಪ್ಯಾರಿಸ್ಸಿನ ಶೇರುಪೇಟೆಯ ಹತ್ತಿರ ಅಂಗಡಿಯಿಟ್ಟಿದ್ದ ಲಾನ್ ಎಂಬ ಪೇಸ್ಟ್ರಿಕಾರ ಅದಕ್ಕೆ ಚಿನ್ನದ ಗಟ್ಟಿಯ ಆಕಾರ ಕೊಟ್ಟ ಎನ್ನುವುದು ಎಲ್ಲರೂ ಹೇಳುವ ಕಥೆ. ಪೇಟೆಯ ದಲ್ಲಾಳಿಗಳು ನಿಂತಲ್ಲೇ, ಕೈಗೆ ಜಿಡ್ಡು ಹತ್ತಿಸಿಕೊಳ್ಳದೆ, ಚಮಚ ಮುಟ್ಟದೆ ತಿಂದು ಹೋಗಲಿ ಎಂದು ಈ ಬದಲಾವಣೆಯಂತೆ. ಕಥೆ ಹೇಗೇ ಇರಲಿ, ಆಯತದ ಅಚ್ಚು ಮಾಡಿದ ಉಪಕಾರ ದೊಡ್ಡದು. ದುಂಡು ಕೇಕಿಗಿಲ್ಲದ ನಾಲ್ಕು ಮೂಲೆಗಳು ಇದಕ್ಕೆ ಸಿಕ್ಕವು. ಮೂಲೆಯ ತುತ್ತೇ ಎಲ್ಲಕ್ಕಿಂತ ಗರಿ. ಮುಂದೆ ಆಸ್ಟ್ರೇಲಿಯ, ನ್ಯೂಜಿಲೆಂಡುಗಳ ಕೆಫೆಗಳು ಇದನ್ನೇ ಅಂಡಾಕಾರದ ಅಚ್ಚಿನಲ್ಲಿ ಎರೆದು ಫ್ರಿಯಾಂಡ್ ಎಂದು ಕರೆದವು. ಅಲ್ಲಿ ನಿಂಬೆ ಬೆರೆಸುವ ರೂಢಿ ಗಟ್ಟಿಯಾಗಿದೆ. ಆದರೆ ಫ್ರಿಯಾಂಡಿನ ದಪ್ಪ ನನಗೆ ತುಸು ಹೆಚ್ಚೆನಿಸುತ್ತದೆ.

ಈಗ ಬಾದಾಮಿ. ಅದರ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆ. ಮೈದಾದ ಕೇಕು ಒಂದೇ ದಿನಕ್ಕೆ ಒಣಗಿ ಪುಡಿಪುಡಿಯಾಗುವಲ್ಲಿ ಬಾದಾಮಿ ಕೇಕು ಮೂರು ದಿನ ತೇವವಾಗಿರುವುದು ಈ ಎಣ್ಣೆಯಿಂದಲೇ. ಬಾದಾಮಿಯಲ್ಲಿ ಗೋಧಿಯ ಅಂಟು ಇಲ್ಲ, ಆದ್ದರಿಂದ ಒಳಮೈ ರಬ್ಬರಿನಂತೆ ಎಳೆಯುವುದಿಲ್ಲ, ಬಾಯಲ್ಲಿ ತಾನಾಗಿ ಬಿಡಿಸಿಕೊಳ್ಳುತ್ತದೆ. ಆದರೆ ಬಾದಾಮಿ ಬಿಗುಮಾನದ ಕಾಳು. ಹಸಿಯಾಗಿ ಅಗಿದರೆ ಹೆಚ್ಚೇನೂ ಹೇಳುವುದಿಲ್ಲ. ಶಾಖ ತಾಗಿದ ಮೇಲೆಯೇ ಅದರ ನಿಜವಾದ ಪರಿಮಳ ಹೊರಬರುತ್ತದೆ. ಬಾದಾಮಿ ಎಸೆನ್ಸ್ ಎಂದು ಸೀಸೆಯಲ್ಲಿ ಮಾರುವ ತೀಕ್ಷ್ಣ ವಾಸನೆ ನಾವು ತಿನ್ನುವ ಸಿಹಿ ಬಾದಾಮಿಯದಲ್ಲ. ಅದು ಕಹಿ ಬಾದಾಮಿಯಲ್ಲೂ ಏಪ್ರಿಕಾಟ್ ಬೀಜದಲ್ಲೂ ಸಿಗುವ ಬೆಂಜಾಲ್ಡಿಹೈಡಿನದು, ಹೆಚ್ಚಿನ ಸೀಸೆಗಳಲ್ಲಿ ಕಾರ್ಖಾನೆಯಲ್ಲಿ ತಯಾರಾದದ್ದೂ ಹೌದು. ನಿಂಬೆಯ ಜೊತೆಗೆ ಅದನ್ನು ಒಂದು ಹನಿ ಹಾಕಿದರೂ ನಿಂಬೆ ಸತ್ತುಹೋಗುತ್ತದೆ. ಈ ಕೇಕಿನ ಹತ್ತಿರಕ್ಕೂ ಅದನ್ನು ತರಬೇಡಿ.

ಸಿಪ್ಪೆ ಸುಲಿಯಬೇಕೇ, ಬೇಡವೇ ಎಂಬ ಮಾತಿಗೆ ನನ್ನ ಉತ್ತರ, ನಿಂಬೆ ಹಾಕುವಾಗ ಸುಲಿಯಲೇಬೇಕು. ಬಾದಾಮಿಯ ಕಂದು ಸಿಪ್ಪೆಯಲ್ಲಿ ಒಗರಿದೆ. ಚಾಕೊಲೇಟಿನ ಜೊತೆ ಅದು ಒಪ್ಪುತ್ತದೆ, ನಿಂಬೆಯ ಜೊತೆ ಜಗಳಕ್ಕೆ ನಿಲ್ಲುತ್ತದೆ. ಬಾದಾಮಿ ಹಲ್ವಕ್ಕೆ ಮಾಡುವ ಹಾಗೆಯೇ ಕುದಿನೀರಿನಲ್ಲಿ ಹಾಕಿ, ಎರಡು ಬೆರಳಿನ ನಡುವೆ ಒತ್ತಿದರೆ ಕಾಳು ಜಾರಿ ಹೊರಬರುತ್ತದೆ. ಹಲ್ವಕ್ಕಾದರೆ ಹಸಿಯಾಗಿಯೇ ರುಬ್ಬಬಹುದು. ಇಲ್ಲಿ ಮಾತ್ರ ಬಟ್ಟೆಯ ಮೇಲೆ ಹರವಿ, ಫ್ಯಾನಿನ ಕೆಳಗೋ ಎಳೆಬಿಸಿಲಿನಲ್ಲೋ ಪೂರ್ತಿ ಒಣಗಿಸಬೇಕು. ತೇವ ಉಳಿದರೆ ಮಿಕ್ಸಿಯಲ್ಲಿ ಪುಡಿಯಾಗದೆ ಮುದ್ದೆಯಾಗುತ್ತದೆ.

ಬೆಣ್ಣೆಯ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಫಿನಾನ್ಸಿಯೇಯ ಗುಟ್ಟು ಇರುವುದು ಅಲ್ಲಿ. ಬೆಣ್ಣೆಯನ್ನು ಬರೀ ಕರಗಿಸಿ ಹಾಕುವಂತಿಲ್ಲ, ಕಾಯಿಸಿ ಹೊಂಬಣ್ಣ ಬರಿಸಿ ಹಾಕಬೇಕು. ಫ್ರೆಂಚರ ಪಾಕಶಾಲೆಯಲ್ಲಿ ಇದನ್ನು ಹೊಸಬರಿಗೆ ವಿಶೇಷವಾಗಿ ಕಲಿಸುತ್ತಾರೆ. ತುಪ್ಪ ಕಾಯಿಸಿ ಬಲ್ಲ ಕನ್ನಡದ ಮನೆಗಳಿಗೆ ಅದರ ಮುಕ್ಕಾಲು ಪಾಲು ಆಗಲೇ ಗೊತ್ತು. ಬೆಣ್ಣೆಯಲ್ಲಿ ನೂರಕ್ಕೆ ಹದಿನಾರರಷ್ಟು ನೀರಿರುತ್ತದೆ. ಅದು ಚಟಪಟ ಸದ್ದು ಮಾಡಿ ಹಾರಿಹೋಗುವಷ್ಟು ಹೊತ್ತು ಬಾಣಲೆ ಮಾತಾಡುತ್ತದೆ. ಸದ್ದು ಅಡಗಿತೆಂದರೆ ನೀರು ಮುಗಿಯಿತು ಎಂದರ್ಥ. ಅಲ್ಲಿಂದ ಮುಂದೆ ತಳದಲ್ಲಿ ಕೂತ ಹಾಲಿನ ಅಂಶ ಮೊದಲು ಹಳದಿಗೆ, ಆಮೇಲೆ ಹೊನ್ನಿಗೆ, ಆಮೇಲೆ ಕಂದಿಗೆ ತಿರುಗುತ್ತದೆ. ಹಾಲಿನ ಪ್ರೋಟೀನೂ ಅದರದೇ ಸಕ್ಕರೆಯೂ ಶಾಖದಲ್ಲಿ ಬೆರೆತು ಹುಟ್ಟುವ ಘಮ ಅದು. ನಮ್ಮಲ್ಲಿ ವೀಳ್ಯದೆಲೆಯನ್ನೋ ನುಗ್ಗೆಸೊಪ್ಪನ್ನೋ ಹಾಕಿ ತುಪ್ಪ ಇಳಿಸುವುದು ಹೆಚ್ಚುಕಡಿಮೆ ಇದೇ ಹೊತ್ತಿಗೆ. ನಾವು ತುಪ್ಪವನ್ನು ಸೋಸಿ ಗಸಿಯನ್ನು ಬೇರೆ ಮಾಡುತ್ತೇವೆ, ಮಕ್ಕಳು ಆ ಗಸಿಗೆ ಸಕ್ಕರೆ ಕಲಸಿಕೊಂಡು ತಿನ್ನುತ್ತವೆ. ಫಿನಾನ್ಸಿಯೇಗೆ ಬೇಕಾದದ್ದು ಆ ಗಸಿಯೇ. ಸೋಸಿದರೆ ರುಚಿ ಜರಡಿಯಲ್ಲೇ ಉಳಿಯಿತು. ಮಕ್ಕಳ ನಾಲಗೆಗೆ ಮೊದಲೇ ಗೊತ್ತಿದ್ದ ಸುಖವನ್ನು ಪ್ಯಾರಿಸ್ಸಿನ ಪೇಸ್ಟ್ರಿಕಾರರು ಕೇಕಿನೊಳಗೆ ಸೇರಿಸಿಬಿಟ್ಟರು.

ಹದ ಮೀರುವುದಕ್ಕೆ ಅರ್ಧ ನಿಮಿಷ ಸಾಕು. ಹೊಂಬಣ್ಣದಿಂದ ಕಪ್ಪಿಗೆ ತಿರುಗಿದರೆ ಕಹಿಯಾಗುತ್ತದೆ, ಆ ಕಹಿಯನ್ನು ಯಾವ ಸಕ್ಕರೆಯೂ ಮುಚ್ಚಲಾರದು. ಆದ್ದರಿಂದ ಕಪ್ಪು ಬಾಣಲೆ ಬೇಡ, ಒಳಗಿನ ಬಣ್ಣ ಕಾಣುವ ಸ್ಟೀಲ್ ಪಾತ್ರೆ ಇರಲಿ. ಬಣ್ಣ ಬಂದೊಡನೆ ತಣ್ಣನೆಯ ಇನ್ನೊಂದು ಬಟ್ಟಲಿಗೆ ಸುರಿಯಿರಿ. ಒಲೆ ಆರಿಸಿದರೂ ಪಾತ್ರೆಯ ಬಿಸಿ ಕೆಲಸ ನಿಲ್ಲಿಸುವುದಿಲ್ಲ. ಉಪ್ಪಿಲ್ಲದ ಬೆಣ್ಣೆಯೇ ಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ. ಮನೆಯಲ್ಲಿ ಕಡೆದ ಬೆಣ್ಣೆ ಇದ್ದರೆ ಇನ್ನೂ ಒಳ್ಳೆಯದು. ಮೊಸರಿನಿಂದ ತೆಗೆದದ್ದಾದ್ದರಿಂದ ಅದರಲ್ಲಿ ಕಣ್ಣಿಗೆ ಕಾಣದ ಒಂದು ಹುಳಿ ಇರುತ್ತದೆ, ನಿಂಬೆಗೆ ಅದು ಚೆನ್ನಾಗಿ ಹೊಂದುತ್ತದೆ.

ಇಷ್ಟೂ ಆದಮೇಲೆ ಕೇಕು ಶ್ರೀಮಂತವಾಯಿತು, ಆದರೆ ಇನ್ನೂ ಎದ್ದು ನಿಲ್ಲಲಿಲ್ಲ. ಬೆಣ್ಣೆ, ಬಾದಾಮಿ, ಸಕ್ಕರೆ ಮೂರೂ ನಾಲಗೆಯ ಮೇಲೆ ಒಂದೇ ಕಡೆಗೆ ವಾಲುತ್ತವೆ. ಎಬ್ಬಿಸಿ ನಿಲ್ಲಿಸುವುದಕ್ಕೆ ನಿಂಬೆ ಬೇಕು. ಇಲ್ಲಿ ಹಲವರು ಹಣ್ಣನ್ನು ಕುಯ್ದು ರಸ ಹಿಂಡುತ್ತಾರೆ. ಹಿಟ್ಟಿಗೆ ರಸ ಹಾಕಿದರೆ ಸಿಗುವುದು ಹುಳಿ ಮಾತ್ರ. ಜೊತೆಗೆ ನೀರು ಹೆಚ್ಚಿ ಅಂಚಿನ ಗರಿ ಹೋಗುತ್ತದೆ. ಘಮ ಇರುವುದು ಸಿಪ್ಪೆಯ ಹೊರಪದರದಲ್ಲಿ. ಹಣ್ಣಿನ ಮೈಮೇಲೆ ಕಾಣುವ ಸಣ್ಣ ಸಣ್ಣ ಗುಳಿಗಳ ಕೆಳಗೆ ಎಣ್ಣೆಯ ಚೀಲಗಳಿವೆ. ಸಿಪ್ಪೆಯನ್ನು ದೀಪದ ಎದುರು ಮಡಚಿ ಹಿಂಡಿದರೆ ಕಿಡಿ ಹಾರುವುದು ಆ ಎಣ್ಣೆಯಿಂದಲೇ. ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಲಿಮೊನೀನ್, ಅದು ಕಿತ್ತಳೆಯಲ್ಲೂ ಧಾರಾಳವಾಗಿದೆ. ನಿಂಬೆಯನ್ನು ನಿಂಬೆ ಎಂದು ಗುರುತಿಸಿಕೊಡುವುದು ತೀರಾ ಕಡಿಮೆ ಪ್ರಮಾಣದ ಸಿಟ್ರಾಲ್. ಮಜ್ಜಿಗೆ ಹುಲ್ಲನ್ನು ಕಿವುಚಿದಾಗ ನಿಂಬೆಯ ನೆನಪಾಗುವುದು ಅದರಲ್ಲೂ ಸಿಟ್ರಾಲ್ ತುಂಬಿರುವುದರಿಂದ. ಹೊರಪದರದ ಕೆಳಗಿನ ಬಿಳಿ ಮಾತ್ರ ಕಹಿ. ತುರಿಮಣೆ ಬಣ್ಣವನ್ನು ಮುಟ್ಟಬೇಕು, ಬಿಳಿಯನ್ನು ಮುಟ್ಟಬಾರದು. ಒಂದೇ ಜಾಗದಲ್ಲಿ ಎರಡು ಬಾರಿ ತುರಿಯದೆ ಹಣ್ಣನ್ನು ತಿರುಗಿಸುತ್ತಾ ಹೋದರೆ ಆಯಿತು.

ತುರಿದ ಸಿಪ್ಪೆಯನ್ನು ಹಾಗೆಯೇ ಹಿಟ್ಟಿಗೆ ಉದುರಿಸಬೇಡಿ. ಹರಳು ಸಕ್ಕರೆಯ ಮೇಲೆ ಹಾಕಿ ಬೆರಳುಗಳಿಂದ ಉಜ್ಜಿ. ಹರಳಿನ ಅಂಚು ಎಣ್ಣೆಯ ಚೀಲಗಳನ್ನು ಒಡೆಯುತ್ತದೆ, ಸಕ್ಕರೆ ಆ ಎಣ್ಣೆಯನ್ನು ಹೀರಿ ಒದ್ದೆ ಮರಳಿನ ಹಾಗೆ ಆಗುತ್ತದೆ, ತಿಳಿಹಳದಿ ಬಣ್ಣ ಬರುತ್ತದೆ. ಈ ಎರಡು ನಿಮಿಷದ ಕೆಲಸದಲ್ಲಿ ಅಡುಗೆಮನೆ ತುಂಬ ಏಳುವ ಪರಿಮಳಕ್ಕಾಗಿಯೇ ಕೇಕು ಮಾಡಬಹುದು. ಅಷ್ಟು ನಿರ್ಮಲವಾದ, ಅಷ್ಟು ಎಚ್ಚರದ ವಾಸನೆ ಅದು. ಬೆರಳ ತುದಿಯಲ್ಲಿ ಸಂಜೆಯವರೆಗೂ ಉಳಿದಿರುತ್ತದೆ.

ಯಾವ ನಿಂಬೆ? ಫ್ರಾನ್ಸಿನವರನ್ನು ಕೇಳಿದರೆ ಮಾಂತೋನ್ ಊರಿನ ನಿಂಬೆ ಎನ್ನುತ್ತಾರೆ. ಇಟಲಿಯ ಗಡಿಗೆ ತಾಗಿದಂತೆ, ಬೆಟ್ಟದ ಮರೆಯಲ್ಲಿ, ಸಮುದ್ರದ ಬೆಚ್ಚನೆಯ ಗಾಳಿಯಲ್ಲಿ ಇರುವ ಊರು ಅದು. ಈಡನ್ ತೋಟದಿಂದ ಹೊರದೂಡಿದಾಗ ಈವ್ ಒಂದು ಹೊಂಬಣ್ಣದ ಹಣ್ಣನ್ನು ಬಚ್ಚಿಟ್ಟುಕೊಂಡು ಬಂದು, ಕೊನೆಗೆ ಮಾಂತೋನಿನ ಕೊಲ್ಲಿಯ ದಡದಲ್ಲಿ ಹೂತಳು ಎಂದು ಅಲ್ಲಿಯವರ ಐತಿಹ್ಯ. ಪ್ರತಿ ಫೆಬ್ರುವರಿಯಲ್ಲಿ ಅಲ್ಲಿ ನಿಂಬೆಯ ಹಬ್ಬ ನಡೆಯುತ್ತದೆ, 2015ರಲ್ಲಿ ಆ ಹಣ್ಣಿಗೆ ಐರೋಪ್ಯ ಒಕ್ಕೂಟದ ಭೌಗೋಳಿಕ ಮಾನ್ಯತೆಯೂ ಸಿಕ್ಕಿತು. ಅದರ ಸಿಪ್ಪೆಯಲ್ಲಿ ಕಹಿ ಕಡಿಮೆ, ಎಣ್ಣೆ ಹೆಚ್ಚು. ಪೇಸ್ಟ್ರಿಕಾರರು ಅದಕ್ಕೆ ಮುಗಿಬೀಳುವುದು ಇದೇ ಕಾರಣಕ್ಕೆ.

ಯುರೋಪಿನ ಈ ಹಳದಿ ಲೆಮನ್ ಹಣ್ಣಿಗೂ ನಮಗೂ ಒಂದು ನಂಟಿದೆ. ವಂಶವಾಹಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಅದನ್ನು ಮಾದಲ ಮತ್ತು ಹುಳಿಕಿತ್ತಳೆಗಳ ಮಿಶ್ರತಳಿ ಎಂದು ಖಚಿತಪಡಿಸಿದ್ದಾರೆ. ನಮ್ಮ ಹಳೆಯ ಹಿತ್ತಿಲುಗಳಲ್ಲಿ ಬೆಳೆಯುತ್ತಿದ್ದ, ಉಬ್ಬುತಗ್ಗಿನ ದಪ್ಪ ಸಿಪ್ಪೆಯ ಮಾದಲಕಾಯಿಯೇ ಅದರ ತಂದೆ. ಮಾದಲದ ತವರು ಹಿಮಾಲಯದ ತಪ್ಪಲು. ಲೆಮನ್ನಿನ ಸಿಪ್ಪೆ ಇಷ್ಟು ಪರಿಮಳದ್ದಾಗಿರುವುದು ಆ ಕಡೆಯಿಂದ ಬಂದ ಆಸ್ತಿ ಎಂದು ನಾನು ನಂಬುತ್ತೇನೆ.

ನಮ್ಮ ಸಂತೆಯಲ್ಲಿ ಸಿಗುವ ನಿಂಬೆ ಬೇರೆಯದೇ ಜಾತಿ. ಭೌಗೋಳಿಕ ಸೂಚಿ ಪಡೆದಿರುವ ವಿಜಯಪುರ ಜಿಲ್ಲೆಯ ಇಂಡಿ ಲಿಂಬೆಯೂ ಸೇರಿದಂತೆ ಇವು ಕಾಗ್ಜಿ ನಿಂಬೆಗಳು, ಹೆಸರಿಗೆ ತಕ್ಕಂತೆ ಸಿಪ್ಪೆ ಕಾಗದದಷ್ಟು ತೆಳು. ರಸ ಧಾರಾಳ, ಹುಳಿ ತೀಕ್ಷ್ಣ. ಫಿನಾನ್ಸಿಯೇಗೆ ಇದು ಒದಗುತ್ತದೆಯೇ? ಚೆನ್ನಾಗಿ ಒದಗುತ್ತದೆ, ಆದರೆ ಕೇಕಿನ ಸ್ವಭಾವ ಬದಲಾಗುತ್ತದೆ. ಲೆಮನ್ನಿನ ಘಮ ಮೆದು, ಹೂವಿಗೆ ಹತ್ತಿರ. ಕಾಗ್ಜಿಯದು ಚುರುಕು, ಹಸಿರು ವಾಸನೆಯದು, ಬಾದಾಮಿಯನ್ನು ದಾಟಿ ಮುಂದೆ ಬಂದು ನಿಲ್ಲುತ್ತದೆ. ಹಸಿರು ಕಾಯಿಗಿಂತ ಪೂರ್ತಿ ಹಳದಿಗೆ ತಿರುಗಿದ ಹಣ್ಣು ಆರಿಸಿದರೆ ಆ ಚುರುಕು ಹದಕ್ಕೆ ಬರುತ್ತದೆ. ಸಿಪ್ಪೆ ತೆಳುವಾದ್ದರಿಂದ ಕೈ ಹಗುರಾಗಿರಬೇಕು, ಸ್ವಲ್ಪ ಒತ್ತಿದರೂ ಬಿಳಿ ಬಂದುಬಿಡುತ್ತದೆ. ಸೂಪರ್ ಮಾರ್ಕೆಟಿನ ಆಮದು ಲೆಮನ್ನಿಗೆ ಹೊಳಪಿಗಾಗಿ ಮೇಣ ಹಚ್ಚಿರುವುದುಂಟು, ಉಗುರುಬೆಚ್ಚನೆ ನೀರಿನಲ್ಲಿ ಉಜ್ಜಿ ತೊಳೆದು ಒರೆಸಿ ಬಳಸಬೇಕು. ಸಂತೆಯ ನಿಂಬೆಗೆ ಆ ತೊಂದರೆ ಇಲ್ಲ. ವಾರದಿಂದ ಫ್ರಿಜ್ಜಿನಲ್ಲಿ ಕೂತು ಸಿಪ್ಪೆ ಗಟ್ಟಿಯಾದ ಹಣ್ಣು ಮಾತ್ರ ಯಾವ ಜಾತಿಯದಾದರೂ ಬೇಡ. ರಸ ಉಳಿದಿದ್ದರೂ ಘಮ ಹೋಗಿರುತ್ತದೆ.

ಮಾಡುವ ಕ್ರಮ ಸರಳ. 120 ಗ್ರಾಂ ಬೆಣ್ಣೆ ಕಾಯಿಸಿದರೆ ಸುಮಾರು 100 ಗ್ರಾಂ ಉಳಿಯುತ್ತದೆ, ಅದು ಬೆಚ್ಚಗಾಗುವವರೆಗೆ ಆರಲಿ. 120 ಗ್ರಾಂ ಸಕ್ಕರೆಗೆ ಎರಡು ಲೆಮನ್ನಿನ ಅಥವಾ ಮೂರು ಕಾಗ್ಜಿಯ ಸಿಪ್ಪೆ ತುರಿದು ಉಜ್ಜಿ, ಮಿಕ್ಸಿಯಲ್ಲಿ ಪುಡಿ ಮಾಡಿ. ಅದಕ್ಕೇ 100 ಗ್ರಾಂ ಒಣಗಿದ ಬಾದಾಮಿ ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುವಿ. ಸಕ್ಕರೆ ಜೊತೆಗಿದ್ದರೆ ಬಾದಾಮಿ ಎಣ್ಣೆ ಬಿಟ್ಟು ಅಂಟಾಗುವುದಿಲ್ಲ. ಜರಡಿ ಹಿಡಿದು 40 ಗ್ರಾಂ ಮೈದಾ, ಚಿಟಿಕೆ ಉಪ್ಪು ಸೇರಿಸಿ. ನಾಲ್ಕು ಮೊಟ್ಟೆಯ ಬಿಳಿಯನ್ನು, ಅಂದರೆ ಸುಮಾರು 120 ಗ್ರಾಂ, ಹಾಗೆಯೇ ಸುರಿದು ಕಲಸಿ. ನೊರೆ ಬರುವ ಹಾಗೆ ಬಡಿಯಬಾರದು. ಬೇರೆ ಕೇಕುಗಳಲ್ಲಿ ಗಾಳಿ ತುಂಬುವುದೇ ಗುರಿ, ಇಲ್ಲಿ ಗಾಳಿ ಬಂದರೆ ಒಳಮೈಯ ಸಾಂದ್ರತೆ ಹಾಳು. ಕೊನೆಗೆ ಗಸಿಯ ಸಮೇತ ಬೆಣ್ಣೆ ಸುರಿದು, ಹೊಳಪು ಬರುವವರೆಗೆ ತಿರುವಿ, ಮುಚ್ಚಿ ಫ್ರಿಜ್ಜಿನಲ್ಲಿಡಿ. ಒಂದು ಗಂಟೆ ಕನಿಷ್ಠ, ಒಂದು ರಾತ್ರಿಯಾದರೆ ಉತ್ತಮ. ಆ ಹೊತ್ತಿನಲ್ಲಿ ಬಾದಾಮಿ ನೀರು ಕುಡಿದು ಮೆತ್ತಗಾಗುತ್ತದೆ, ನಿಂಬೆಯೆಣ್ಣೆ ಬೆಣ್ಣೆಯೊಳಗೆ ಇಳಿಯುತ್ತದೆ.

ಆಯತದ ಅಚ್ಚೇ ಬೇಕೆಂದಿಲ್ಲ. ಸಣ್ಣ ಮಫಿನ್ ತಟ್ಟೆ ಸಾಕು, ಲೋಹದ್ದಾಗಿರಲಿ, ಸಿಲಿಕೋನಿನಲ್ಲಿ ಅಂಚು ಕಂದುವುದಿಲ್ಲ. ಬೆಣ್ಣೆ ಸವರಿ, ಮುಕ್ಕಾಲು ತುಂಬಿ, 190 ಡಿಗ್ರಿಗೆ ಚೆನ್ನಾಗಿ ಕಾದ ಓವನ್ನಿನಲ್ಲಿ 12ರಿಂದ 14 ನಿಮಿಷ ಬೇಯಿಸಿ. ಇಷ್ಟು ಹಿಟ್ಟಿಗೆ ಹದಿನಾರರಷ್ಟು ಬರುತ್ತವೆ. ನಡುಭಾಗ ಹೊಂಬಣ್ಣ, ಅಂಚು ಗಾಢ ಕಂದು ಆಗಿರಬೇಕು. ಬಿಳಿಚಿಕೊಂಡ ಫಿನಾನ್ಸಿಯೇಯಲ್ಲಿ ಬೆಣ್ಣೆ ಕಾಯಿಸಿದ ಶ್ರಮ ವ್ಯರ್ಥ.

ರಸದ ಸರದಿ ಬರುವುದು ಈಗ. ಅಚ್ಚಿನಿಂದ ತೆಗೆದ ಬಿಸಿ ಕೇಕಿನ ತಲೆಯ ಮೇಲೆ ಮಾತ್ರ, ಎರಡು ಚಮಚ ರಸಕ್ಕೆ ಒಂದು ಚಮಚ ಪುಡಿ ಸಕ್ಕರೆ ಕರಗಿಸಿ ಕುಂಚದಿಂದ ಒಮ್ಮೆ ಸವರಿ. ದಪ್ಪ ಬಿಳಿ ಐಸಿಂಗ್ ಸುರಿಯುವವರಿದ್ದಾರೆ. ಅದು ನೋಟಕ್ಕೆ ಚೆನ್ನಾಗಿರಬಹುದು, ನಾಲಗೆಗೆ ಅದರ ಸಕ್ಕರೆಯೊಂದೇ ಸಿಗುತ್ತದೆ. ತೆಳುವಾಗಿ ಸವರಿದ ರಸ ಕೇಕಿನೊಳಗೆ ಒಂದೆಳೆ ಇಳಿದು ನಿಲ್ಲುತ್ತದೆ. ಮೊದಲ ಸ್ಪರ್ಶಕ್ಕೆ ಹುಳಿ, ಆಮೇಲೆ ಬೆಣ್ಣೆ, ಆಮೇಲೆ ಬಾದಾಮಿ, ನುಂಗಿದ ಮೇಲೆ ಮೂಗಿನಲ್ಲಿ ಸಿಪ್ಪೆಯ ಘಮ. ನಿಂಬೆ ಎರಡು ಬಾರಿ ಬರುತ್ತದೆ, ಮುಂದೆ ಹುಳಿಯಾಗಿ, ಹಿಂದೆ ಪರಿಮಳವಾಗಿ. ನಡುವೆ ಅದು ಕಾಣೆಯಾಗಿರುವ ಆ ಎರಡು ಕ್ಷಣ ಬಾದಾಮಿಯ ಪಾಲಿನವು.

ಬೆಂದು ಅರ್ಧ ಗಂಟೆಯಾದಾಗ ತಿಂದರೆ ಅಂಚಿನ ಗರಿ ಪೂರ್ತಿ ದಕ್ಕುತ್ತದೆ. ಮರುದಿನ ಗರಿ ಹೋಗಿರುತ್ತದೆ, ಆದರೆ ಘಮ ಕೂಡಿಕೊಂಡು ಒಳಮೈ ಇನ್ನಷ್ಟು ಮೃದುವಾಗಿರುತ್ತದೆ. ಎರಡರಲ್ಲಿ ನಾನು ಮೊದಲ ದಿನದ್ದನ್ನೇ ಆರಿಸುತ್ತೇನೆ, ಮರುದಿನದ್ದನ್ನು ಹೊಗಳುವವರ ಮಾತಿನಲ್ಲೂ ಹುರುಳಿದೆ. ಜೊತೆಗೆ ಕುಡಿಯಲು ಹಾಲು ಹಾಕದ ನೀಲಗಿರಿ ಚಹಾ ಒಳ್ಳೆಯದು. ನಮ್ಮ ಫಿಲ್ಟರ್ ಕಾಫಿ ನನಗೆ ಎಷ್ಟೇ ಪ್ರಿಯವಾದರೂ ಅದರ ಹಾಲೂ ಚಿಕೋರಿಯೂ ನಿಂಬೆಯ ಬಾಯಿ ಕಟ್ಟಿಬಿಡುತ್ತವೆ. ಕಾಫಿ ಕೇಕು ಮುಗಿದ ಮೇಲೆ ಬರಲಿ.

ಉಳಿದ ನಾಲ್ಕು ಹಳದಿಗಳನ್ನೂ ಸಿಪ್ಪೆ ತುರಿಸಿಕೊಂಡು ಬೋಳಾದ ನಿಂಬೆಗಳನ್ನೂ ಎಸೆಯಬೇಡಿ. ಹಳದಿಗೆ ಆ ನಿಂಬೆಗಳ ರಸ, ಸಕ್ಕರೆ, ಸ್ವಲ್ಪ ಬೆಣ್ಣೆ ಸೇರಿಸಿ ಸಣ್ಣ ಉರಿಯಲ್ಲಿ, ಕುದಿಯುವ ನೀರಿನ ಮೇಲಿಟ್ಟ ಬಟ್ಟಲಿನಲ್ಲಿ, ಕೈಬಿಡದೆ ತಿರುವಿದರೆ ಹತ್ತು ನಿಮಿಷಕ್ಕೆ ಲೆಮನ್ ಕರ್ಡ್ ಸಿದ್ಧ. ಬಿಳಿ ಮಿಕ್ಕಿತೆಂದು ಹುಟ್ಟಿದ ಕೇಕಿನಲ್ಲಿ ಈಗ ಹಳದಿ ಮಿಕ್ಕುತ್ತದೆ. ಆ ಮಠದ ಅಡುಗೆಮನೆಯವರು ಎದುರಿಗಿದ್ದರೆ ಇದನ್ನು ಖಂಡಿತ ಮೆಚ್ಚುತ್ತಿದ್ದರು.

ನಮ್ಮೂರುಗಳ ಬೇಕರಿಯವರಲ್ಲಿ ಒಂದು ಕೋರಿಕೆ. ನಿಂಬೆ ಕೇಕು ಎಂದು ನೀವು ಮಾರುವುದರಲ್ಲಿ ಸೀಸೆಯ ಎಸೆನ್ಸ್ ಇದೆ, ಹಳದಿ ಬಣ್ಣ ಇದೆ, ನಿಂಬೆ ಇಲ್ಲ. ಇಂಡಿಯಿಂದ ಬರುವ ಹಣ್ಣು ಮಾರುಕಟ್ಟೆಯಲ್ಲಿ ರಾಶಿ ಬಿದ್ದಿರುತ್ತದೆ, ಅದರ ಸಿಪ್ಪೆ ಜ್ಯೂಸ್ ಅಂಗಡಿಗಳ ಹಿಂದೆ ಬುಟ್ಟಿಗಟ್ಟಲೆ ಕಸಕ್ಕೆ ಹೋಗುತ್ತದೆ. ಹಿಂಡುವ ಮೊದಲು ತುರಿದಿಟ್ಟುಕೊಳ್ಳಿ, ಸಕ್ಕರೆಯಲ್ಲಿ ಉಜ್ಜಿ, ಒಂದೇ ಒಂದು ತಟ್ಟೆ ಸಣ್ಣ ಬಾದಾಮಿ ಕೇಕು ಮಾಡಿ ಕಪಾಟಿನಲ್ಲಿಡಿ. ಬಾದಾಮಿಯ ಬೆಲೆಗೆ ತಕ್ಕಂತೆ ಹೆಚ್ಚು ಹಣ ಕೇಳಿ, ಕೊಳ್ಳುವವರು ಕೊಡುತ್ತಾರೆ.